ಕಾದಂಬರಿಕಾರರ ಕಾಗದಪತ್ರ: ಅಟ್ಟದಿಂದ ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ

"ಅಪ್ಪ ಕಾದಂಬರಿ ಬರೀತಿದ್ರು. ಅವರ ಕಾಗದಪತ್ರ ಎಲ್ಲ ಅಟ್ಟದ ಮೇಲೆ ಹಾಗೇ ಇದೆ. ಯಾವುದಾದರೂ ಯುನಿವರ್ಸಿಟಿಗೆ ಕೊಡಬಹುದಾ? ಯಾರನ್ನ ಕೇಳಬೇಕು?" ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಕುಮಟಾ, ಶಿರಸಿ ಕಡೆಯ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರು ಮಗಳೋ, ಸೊಸೆಯೋ, ಸೋದರಳಿಯನೋ ಆಗಿರುತ್ತಾರೆ. ಮನೆ ಮಾರುವ ಮಾತು ನಡೆದಿರುತ್ತದೆ, ಇಲ್ಲವೇ ಹಂಚು ಸೋರಿ ಒಂದು ಪೆಟ್ಟಿಗೆ ಒದ್ದೆಯಾಗಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಯಾರಿಗೆ ಕೊಡಬೇಕು ಎನ್ನುವುದಕ್ಕಿಂತ ಮೊದಲು ಏನೇನಿದೆ ಎಂಬುದರ ಪಟ್ಟಿ ನಿಮ್ಮ ಹತ್ತಿರ ಇರಬೇಕು. ಪಟ್ಟಿಯಿಲ್ಲದೆ ಟೆಂಪೋ ತುಂಬಿ ಕಳಿಸಿದ ಕಾಗದ ಎಷ್ಟೇ ದೊಡ್ಡ ಸಂಸ್ಥೆಗೆ ಹೋದರೂ ಮೂಲೆಯಲ್ಲಿ ಕೂರುತ್ತದೆ. ಕಳೆದುಹೋದರೂ ಕಳೆದುಹೋಯಿತು ಎಂದು ಹೇಳಲು ಯಾರ ಹತ್ತಿರವೂ ಆಧಾರ ಇರುವುದಿಲ್ಲ. ಹಾಗಾಗಿ ಈ ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗ ನಿಮ್ಮ ಮನೆಯೊಳಗೇ ನಡೆಯುವ ಕೆಲಸದ ಬಗ್ಗೆ ಇದೆ.

ಕೆಲಸ ಶುರು ಮಾಡಲು ದೀಪಾವಳಿ ಕಳೆದ ಮೇಲಿನ ದಿನಗಳು ಒಳ್ಳೆಯವು. ಜೂನಿನ ಮಿರ್ಗದ ಮಳೆ ಹಿಡಿಯುವ ಮುಂಚೆ ಪೆಟ್ಟಿಗೆ ಕಟ್ಟಿ ಮುಗಿದಿರಬೇಕು. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಹಳೆಯ ಕಾಗದದ ಕಟ್ಟು ಬಿಚ್ಚುವುದೆಂದರೆ ಬೂಷ್ಟಿಗೆ ಔತಣ ಕೊಟ್ಟ ಹಾಗೆ.

ಬೇಕಾಗುವ ಸಾಮಾನು: ಮೆತ್ತನೆಯ ಪೆನ್ಸಿಲ್, ದಪ್ಪ ರಟ್ಟಿನ ನೋಟ್‌ಬುಕ್, ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್, ಮೃದುವಾದ ಅಗಲ ಬ್ರಷ್, ಎನ್-95 ಮಾಸ್ಕ್, ಹತ್ತಿಯ ಲಾಡಿ, ಗಂಜಿ ತೆಗೆಯಲು ಎರಡು ಮೂರು ಸಲ ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ, ಗಟ್ಟಿ ರಟ್ಟಿನ ಪೆಟ್ಟಿಗೆಗಳು. ಗಾಳಿಯ ತೇವ ಅಳೆಯುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನೂ ಒಂದು ತೆಗೆದುಕೊಳ್ಳಿ. ಪೆನ್ನು ಆ ಕೋಣೆಗೆ ಬರುವುದೇ ಬೇಡ.

ಹಂತ 1: ಮುಟ್ಟುವ ಮುಂಚೆ ಫೋಟೊ

ಕಪಾಟು, ಟ್ರಂಕು, ಮೇಜಿನ ಡ್ರಾಯರ್, ಅಟ್ಟ ಎಲ್ಲವೂ ಇದ್ದಂತೆಯೇ ಫೋಟೊ ತೆಗೆಯಿರಿ. ಮೊದಲು ಇಡೀ ಕಪಾಟು, ಆಮೇಲೆ ಒಂದೊಂದು ಹಲಗೆ, ಆಮೇಲೆ ಒಂದೊಂದು ಕಟ್ಟು. ಅದಾದ ಮೇಲೆ ಜಾಗಕ್ಕೊಂದು ಅಕ್ಷರ, ಕಟ್ಟಿಗೊಂದು ಸಂಖ್ಯೆ ಕೊಡಿ.

ಪತ್ರಾಗಾರದವರು, ಅಂದರೆ ಹಳೆಯ ಕಾಗದಪತ್ರ ಕಾಪಾಡಿಡುವವರು, "ಮೂಲಕ್ರಮ" ಎಂಬ ಮಾತು ಬಳಸುತ್ತಾರೆ. ಬರೆದವರು ತಮ್ಮ ಕಾಗದಗಳನ್ನು ಯಾವ ಅನುಕ್ರಮದಲ್ಲಿ, ಯಾವುದರ ಜೊತೆ ಇಟ್ಟುಕೊಂಡಿದ್ದರೋ ಆ ವ್ಯವಸ್ಥೆಯೇ ಮೂಲಕ್ರಮ. ನಿಮಗೆ ಅದು ಅವ್ಯವಸ್ಥೆಯಾಗಿ ಕಾಣಬಹುದು. ಆದರೆ ಒಂದು ಕಾದಂಬರಿಯ ಕರಡಿನ ನಡುವೆ ಒಂದು ಇನ್‌ಲ್ಯಾಂಡ್ ಪತ್ರ, ಬಂದರಿನ ಹಮಾಲರ ಬಗ್ಗೆ ಒಂದು ಪತ್ರಿಕೆ ತುಣುಕು, ಲಾಂಚಿನ ಟಿಕೆಟು ಇದ್ದರೆ, ಆ ಮೂರೂ ಆ ಅಧ್ಯಾಯ ಹೇಗೆ ಹುಟ್ಟಿತು ಎಂಬುದಕ್ಕೆ ಸಾಕ್ಷಿ. ನೀವು ಪತ್ರವನ್ನು ಪತ್ರಗಳ ಜೊತೆ, ತುಣುಕನ್ನು ತುಣುಕುಗಳ ಜೊತೆ ಸೇರಿಸಿ ಟಿಕೆಟನ್ನು ಎಸೆದರೆ ಸಾಕ್ಷಿ ಹೋಯಿತು. ಅಡಿಕೆ ಆರಿಸುವವರ ಹಾಗೆ ಚಾಲಿ ಒಂದು ಕಡೆ, ಕೆಂಪು ಒಂದು ಕಡೆ ಎಂದು ಬೇರೆ ಮಾಡಲು ಕೂರಬೇಡಿ. ಕುಟುಂಬದವರು ಮಾಡುವ ಅತಿ ದೊಡ್ಡ ಹಾನಿ ಒರಲೆಯದಲ್ಲ, ಒಪ್ಪಓರಣದ್ದು.

ಹಂತ 2: ಯಾವುದನ್ನೂ ಎಸೆಯಬೇಡಿ, ಇನ್ನೂ

ಅಚ್ಚಾದ ಪುಸ್ತಕಗಳನ್ನು ಜೋಪಾನವಾಗಿಟ್ಟು ಕರಡುಗಳನ್ನು ರದ್ದಿಗೆ ಹಾಕಿದ ಮನೆಗಳು ಇವೆ. ಲೆಕ್ಕ ಉಲ್ಟಾ. ಅಚ್ಚಾದ ಪುಸ್ತಕ ಹತ್ತು ಗ್ರಂಥಾಲಯಗಳಲ್ಲಿ ಸಿಗುತ್ತದೆ. ಹೊಡೆದುಹಾಕಿ ತಿದ್ದಿದ ಕರಡು ಜಗತ್ತಿನಲ್ಲಿ ಒಂದೇ.

ಸಂಶೋಧಕರು ಹುಡುಕುವುದು, ಮನೆಯವರು ಕಡೆಗಣಿಸುವುದು ಇವು: ಅರ್ಧಕ್ಕೆ ನಿಂತ ಕಾದಂಬರಿ, ಪ್ರಕಾಶಕರ ಜೊತೆಗಿನ ಲೆಕ್ಕಪತ್ರ, ರಾಯಧನದ ರಸೀದಿ, ಸಂಪಾದಕರು ವಾಪಸು ಕಳಿಸಿದ ಕಥೆಯ ಜೊತೆ ಬಂದ ಎರಡು ಸಾಲಿನ ಚೀಟಿ, ಮನೆಖರ್ಚಿನ ವಹಿ, ದಿನಚರಿ, ಓದಿದ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ. ಗ್ರಂಥಸಂಗ್ರಹದಲ್ಲಿ ಗುರುತು ಹಾಕಿದ ಪುಸ್ತಕಗಳನ್ನು ಬೇರೆಯಾಗಿ ಪಟ್ಟಿ ಮಾಡಿ, ಉಳಿದವು ನಿಮ್ಮ ಇಷ್ಟ. ಪತ್ರದ ಜೊತೆ ಲಕೋಟೆಯೂ ಇರಲಿ. ಎಷ್ಟೋ ಪತ್ರಗಳಲ್ಲಿ "ಶುಕ್ರವಾರ, ರಾತ್ರಿ" ಎಂದಷ್ಟೇ ಇರುತ್ತದೆ, ತಾರೀಖು ಹೇಳುವುದು ಅಂಚೆಯ ಮುದ್ರೆ. ಟೆಲಿಗ್ರಾಂ ಸಿಕ್ಕರೆ ಕಣ್ಣಿಗೊತ್ತಿಕೊಳ್ಳಿ. ಆ ಸೇವೆ 2013ರ ಜುಲೈಯಲ್ಲೇ ನಿಂತಿದೆ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ತೊಡಕು ಇದೆ. ಇಲ್ಲಿನ ಬರಹಗಾರರ ಬದುಕು ಒಂದೇ ಊರಿನದಲ್ಲ. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬೈಯಲ್ಲಿ ನೆಲೆಸಿದರು. ಹಳಿಯಾಳದ ಶಾಂತಿನಾಥ ದೇಸಾಯಿ ಕೊಲ್ಹಾಪುರದಲ್ಲಿ ಪಾಠ ಹೇಳಿ, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬೈ ಆಡಳಿತದಲ್ಲಿ ಇತ್ತಲ್ಲ, ನೌಕರಿಗೆ, ಓದಿಗೆ ಜನ ಅತ್ತಲೇ ಹೋದರು. ಹೀಗಾಗಿ ನಿಮ್ಮವರ ಕಾಗದಗಳೂ ಊರಿನ ಮನೆಯಲ್ಲಿ ಅರ್ಧ, ಮುಂಬೈಯ ಫ್ಲ್ಯಾಟಿನಲ್ಲಿ ಅರ್ಧ ಇರಬಹುದು. ಪಟ್ಟಿ ಮುಗಿಸುವ ಮುಂಚೆ ಅಲ್ಲಿಯವರಿಗೂ ಒಂದು ಮಾತು ಕೇಳಿ. ಪತ್ರಗಳು ಕನ್ನಡದಲ್ಲಿ ಮಾತ್ರ ಇರುವುದಿಲ್ಲ, ಕೊಂಕಣಿ, ಮರಾಠಿ, ಇಂಗ್ಲಿಷಿನಲ್ಲೂ ಇರುತ್ತವೆ. ನಿಮಗೆ ಓದಲು ಬಾರದ ಪತ್ರವನ್ನು "ಇತರೆ" ಎಂದು ಪಕ್ಕಕ್ಕಿಡಬೇಡಿ.

ಹಂತ 3: ತೇವ, ಬೂಷ್ಟು, ಒರಲೆ

ಕಾಗದಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಕಾರವಾರದ ಮಳೆಗಾಲದಲ್ಲಿ ಮೀಟರ್ ಎಲ್ಲಿ ನಿಲ್ಲುತ್ತದೆ ಎಂದು ಹೇಳುವ ಅಗತ್ಯ ಇಲ್ಲ. ಅದನ್ನು ಮನೆಯಲ್ಲಿ ಶೇ. 50ಕ್ಕೆ ಇಳಿಸುತ್ತೇನೆ ಎಂಬ ಹಟ ಬೇಡ. ಗೋಡೆಗೆ ತಾಗದಂತೆ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಒಳಗಿನ ಕೋಣೆಯಲ್ಲಿ ಇಟ್ಟರೆ ಅರ್ಧ ಗೆದ್ದಂತೆ. ಹೊರಗೋಡೆಗೆ ಒರಗಿಸಿದ ಕಬ್ಬಿಣದ ಕಪಾಟಿನೊಳಗೆ ನೀರು ಬೆವರುತ್ತದೆ, ಅದನ್ನು ನಂಬಬೇಡಿ.

ಒದ್ದೆಯಾದ ಕಾಗದ ಸಿಕ್ಕರೆ ಒಂದೆರಡು ದಿನದೊಳಗೆ ಒಣಗಿಸಬೇಕು, ಅಷ್ಟರಲ್ಲಿ ಬೂಷ್ಟು ಶುರುವಾಗುತ್ತದೆ. ನಮ್ಮ ಕಡೆ ಮೊದಲು ಹೊಳೆಯುವ ಉಪಾಯ ಅಂಗಳದ ಬಿಸಿಲು. ಅದು ಬೇಡ. ನೇರ ಬಿಸಿಲಿಗೆ ಶಾಯಿ ಮಸುಕಾಗುತ್ತದೆ, ಹಾಳೆ ಸುರುಟಿ ಮುರಿಯುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರವಾಗಿ ಬೀಸದ ಕಡೆ, ಹತ್ತಿ ಬಟ್ಟೆಯ ಮೇಲೆ ಹರಡಿ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಒಂದೇ ಸಲಕ್ಕೆ ತುಂಬ ಒದ್ದೆಯಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೀಪ್ ಫ್ರೀಜರಿನಲ್ಲಿಡಿ, ಹಾನಿ ಅಲ್ಲಿಗೆ ನಿಲ್ಲುತ್ತದೆ, ಸಂರಕ್ಷಕರನ್ನು ಕೇಳಲು ನಿಮಗೆ ಸಮಯ ಸಿಗುತ್ತದೆ. ಫೋಟೊ, ಕ್ಯಾಸೆಟ್ ಮಾತ್ರ ಫ್ರೀಜರಿಗೆ ಹೋಗಬಾರದು.

ಬೂಷ್ಟು ಪೂರ್ತಿ ಒಣಗಿದ ಮೇಲೆಯೇ ಬ್ರಷ್ ಆಡಿಸಿ, ಅದೂ ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ. ದಮ್ಮು ಇರುವವರು ಈ ಕೆಲಸಕ್ಕೆ ಬರಬೇಡಿ.

ಹುಳ ಹಿಡಿದ ಕಟ್ಟನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಇಡುವುದು ಔಷಧಿ ಸಿಂಪಡಿಸುವುದಕ್ಕಿಂತ ಎಷ್ಟೋ ಮೇಲು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಹಾಗೇ ಬಿಡಿ. ಹಿರಿಯರು ತಾಳೆಗರಿಯ ಕಟ್ಟಿಗೆ ಬಜೆ ಬೇರು, ಬೇವಿನ ಎಲೆ ಇಡುತ್ತಿದ್ದರು. ಪೆಟ್ಟಿಗೆಯ ಮೂಲೆಯಲ್ಲಿ ಬಟ್ಟೆ ಗಂಟಿನಲ್ಲಿ ಕಟ್ಟಿ ಇಟ್ಟರೆ ತೊಂದರೆ ಇಲ್ಲ, ಕಾಗದಕ್ಕೆ ನೇರ ತಾಗದಿರಲಿ. ನುಸಿಗುಳಿಗೆ ಬೇಡ. ಅದರ ಹೊಗೆ ಕಾಗದದ ಕೆಲಸ ಮಾಡುವವರ ಮೈಗೆ ಒಳ್ಳೆಯದಲ್ಲ.

ಇನ್ನು ಕೆಲವನ್ನು ಗಟ್ಟಿ ದನಿಯಲ್ಲೇ ಹೇಳಬೇಕು. ಲ್ಯಾಮಿನೇಶನ್ ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಹತ್ತು ವರ್ಷಕ್ಕೆ ಟೇಪು ಉದುರಿ ಕಂದು ಕಲೆ ಉಳಿಯುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್‌ಗಳನ್ನು ಹಾಳೆ ಹರಿಯದಂತೆ ನಿಧಾನವಾಗಿ ತೆಗೆದು, ಆ ಹಾಳೆಗಳನ್ನು ಮಡಚಿದ ಬಿಳಿ ಕಾಗದದೊಳಗೆ ಒಟ್ಟಿಗೇ ಇಡಿ. ರಬ್ಬರ್ ಬ್ಯಾಂಡ್ ಕರಗಿ ಅಂಟಾಗುತ್ತದೆ, ಬದಲಿಗೆ ಹತ್ತಿ ಲಾಡಿ. ಫೋಟೊಗಳಿಗೆ ಪೇಟೆಯಲ್ಲಿ ಸಿಗುವ ಅಗ್ಗದ ಪಿವಿಸಿ ಕವರ್ ಬೇಡ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಂದು ಕೇಳಿ ತನ್ನಿ. ಫ್ಯಾಕ್ಸ್ ಕಾಗದ ಇದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ, ಅದು ತಾನಾಗಿಯೇ ಅಳಿಸಿಹೋಗುವ ಜಾತಿಯದ್ದು. ಆಮ್ಲರಹಿತ, ಅಂದರೆ ಕಾಲಕ್ರಮದಲ್ಲಿ ಹಳದಿಯಾಗಿ ಪುಡಿಯಾಗದ ಕಾಗದದ ಫೋಲ್ಡರ್‌ಗಳನ್ನು ತರಿಸಿಕೊಳ್ಳಲು ಸಾಧ್ಯವಾದರೆ ಕರಡುಗಳಿಗೆ ಬಳಸಿ. ಇಲ್ಲದಿದ್ದರೆ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತುವ ಹಳೆಯ ಪದ್ಧತಿಯೇ ಸಾಕು.

ಹಂತ 4: ಪಟ್ಟಿ

ಕಂಪ್ಯೂಟರಿನಲ್ಲಿ ಮಾಡಬಹುದು, ನೋಟ್‌ಬುಕ್ಕಿನಲ್ಲೂ ಮಾಡಬಹುದು. ಪ್ರತಿ ಕಟ್ಟಿಗೂ ಒಂದು ನಮೂದು. ಒಂದು ನಮೂದು ಹೇಗಿರಬೇಕು ಎಂದು ಮಾದರಿಗೆ ಬರೆದು ತೋರಿಸುತ್ತೇನೆ:

ಪೆಟ್ಟಿಗೆ 2, ಕಟ್ಟು 4. ಇದ್ದ ಜಾಗ: ಜಗಲಿ ಕೋಣೆಯ ಮರದ ಕಪಾಟು, ಎರಡನೇ ಹಲಗೆ, ಎಡಬದಿ. ಏನು: ಕಾದಂಬರಿಯ ಕರಡು, ಹೆಸರಿಲ್ಲ, ಅಧ್ಯಾಯ 7ರಿಂದ 12. ಹಾಳೆ 86, ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದದ್ದು. ನೀಲಿ ಶಾಯಿ, ಕೆಂಪು ತಿದ್ದುಪಡಿ. ಭಾಷೆ: ಕನ್ನಡ, ಅಂಚಿನಲ್ಲಿ ಅಲ್ಲಲ್ಲಿ ಕೊಂಕಣಿ. ಕಾಲ: ಪ್ರಶ್ನೆಪತ್ರಿಕೆಯಲ್ಲಿ 1973 ಎಂದಿದೆ, ಅದಕ್ಕಿಂತ ಹಿಂದಿನದಲ್ಲ. ಸ್ಥಿತಿ: 3 ಹಾಳೆಗೆ ಹುಳ, ಕೆಳಅಂಚು ಒದ್ದೆಯಾಗಿ ಒಣಗಿದ ಕಲೆ. ಜೊತೆಗಿದ್ದದ್ದು: ಒಂದು ಇನ್‌ಲ್ಯಾಂಡ್ ಪತ್ರ, ಹಾಳೆ 31ರ ನಂತರ.

ಇಷ್ಟೇ. "ಮಹತ್ವದ ಕರಡು", "ಅಪರೂಪದ ದಾಖಲೆ" ಮುಂತಾದ ವಿಶೇಷಣ ಬೇಡ. ಕಾಲ ಗೊತ್ತಿಲ್ಲದಿದ್ದರೆ ಊಹೆಯನ್ನು ಊಹೆ ಎಂದೇ ಬರೆಯಿರಿ, ಯಾವ ಆಧಾರದ ಮೇಲೆ ಊಹಿಸಿದಿರಿ ಎಂದೂ ಬರೆಯಿರಿ. ಹಾಳೆಯ ಸಂಖ್ಯೆಯನ್ನು ಪೆನ್ಸಿಲ್ಲಿನಲ್ಲಿ ಮೇಲಿನ ಬಲಮೂಲೆಯಲ್ಲಿ ಸಣ್ಣಗೆ ಹಾಕಿ. ಲೇಖಕರೇ ಪುಟಸಂಖ್ಯೆ ಹಾಕಿದ್ದರೆ ಅದನ್ನು ತಿದ್ದಬೇಡಿ, ಅದು ತಪ್ಪಾಗಿದ್ದರೂ.

ಫೋಟೊಗಳ ವಿಷಯದಲ್ಲಿ ತಡ ಮಾಡಬೇಡಿ. ಗುಂಪು ಫೋಟೊದಲ್ಲಿ ನಿಂತವರು ಯಾರು ಎಂದು ಹೇಳಬಲ್ಲ ಅತ್ತೆ, ಚಿಕ್ಕಪ್ಪ ಇನ್ನೂ ಇದ್ದಾರೆ ಎಂದರೆ ಪೆಟ್ಟಿಗೆ ಕೆಲಸ ನಿಲ್ಲಿಸಿ ಮೊದಲು ಅವರ ಮುಂದೆ ಆಲ್ಬಮ್ ಹಿಡಿದು ಕೂರಿ. ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ.

ಹಂತ 5: ಕಾಗದದಲ್ಲಿ ಇಲ್ಲದ ಬದುಕು

ಪತ್ರಾಗಾರಕ್ಕೆ ಹೋಗುವುದು ಕಾಗದ ಮಾತ್ರ ಆಗಬೇಕಿಲ್ಲ. ಮೂರು ಸಂಗತಿ ಸೇರಿಸಿ ಕೊಟ್ಟರೆ ಸಂಗ್ರಹದ ಬೆಲೆ ಹೆಚ್ಚುತ್ತದೆ.

ಮೊದಲನೆಯದು, ನಾಲ್ಕು ಪುಟದ ಕಾಲಾನುಕ್ರಮಣಿ: ಹುಟ್ಟು, ಶಾಲೆ, ನೌಕರಿ, ವರ್ಗಾವಣೆ, ಮನೆ ಬದಲಾಯಿಸಿದ್ದು, ಕಾಯಿಲೆ, ಪ್ರತಿ ಪುಸ್ತಕದ ಮೊದಲ ಮುದ್ರಣ. ಇದಿದ್ದರೆ ತಾರೀಖಿಲ್ಲದ ಪತ್ರವನ್ನು ಸಂಶೋಧಕರು ತಾವೇ ಜಾಗಕ್ಕೆ ಕೂರಿಸಿಕೊಳ್ಳುತ್ತಾರೆ.

ಎರಡನೆಯದು, ಮಾತಿನ ಧ್ವನಿಮುದ್ರಣ. ಅವರ ಜೊತೆ ಓದಿದವರು, ಕರಡು ಪ್ರತಿ ತೆಗೆದುಕೊಟ್ಟವರು, ಅಚ್ಚಿಗೆ ಮೊಳೆ ಜೋಡಿಸಿದವರು, ದಿನಾ ಸಂಜೆ ಚಹಾ ಅಂಗಡಿಯಲ್ಲಿ ಜಗಳ ಆಡಿದವರು. ಒಬ್ಬೊಬ್ಬರ ಹತ್ತಿರ ಒಂದು ತಾಸು ಸಾಕು. ಪ್ರಶ್ನೆ ಚಿಕ್ಕದಿರಲಿ: ಎಷ್ಟು ಹೊತ್ತಿಗೆ ಬರೆಯುತ್ತಿದ್ದರು, ಯಾವ ಕಾಗದ, ಬರೆದದ್ದನ್ನು ಮೊದಲು ಯಾರಿಗೆ ಓದುತ್ತಿದ್ದರು. "ಅವರ ವ್ಯಕ್ತಿತ್ವದ ಬಗ್ಗೆ ಎರಡು ಮಾತು" ಎಂದು ಕೇಳಿದಿರೋ, ಶ್ರದ್ಧಾಂಜಲಿ ಸಭೆಯ ಭಾಷಣ ಸಿಗುತ್ತದೆ. ಧ್ವನಿಮುದ್ರಣದ ಶುರುವಿನಲ್ಲೇ ಹೆಸರು, ತಾರೀಖು, ಊರು ಹೇಳಿಸಿ. ಪತ್ರಾಗಾರಕ್ಕೆ ಕೊಡಲು ಒಪ್ಪಿಗೆ ಇದೆ ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ, ಒಂದು ಸಹಿಯನ್ನೂ ತೆಗೆದುಕೊಳ್ಳಿ.

ಮೂರನೆಯದು, ಸ್ಥಳಗಳು. ಕಾದಂಬರಿಯ ಊರಿನ ಹಿಂದೆ ಯಾವ ನಿಜವಾದ ಊರಿದೆ, ಯಾವ ದಣಪೆ, ಯಾವ ತಾರಿ, ಯಾವ ಕೇರಿ ಎಂದು ಗುರುತಿಸಿ ನಕ್ಷೆ ಮಾಡಿ. ಕಾಳಿ, ಶರಾವತಿ ಅಣೆಕಟ್ಟುಗಳ ಹಿನ್ನೀರಿನಲ್ಲಿ ಊರುಗಳೇ ಹೋದವು. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಗಾಗಿ ಹಳ್ಳಿಗಳು ತೆರವಾದವು. ಅಲ್ಲಿಯ ಹಿತ್ತಲು ಗದ್ದೆಗಳ ಹೆಸರು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹಾಲಕ್ಕಿ, ನಾಡವ, ಹವ್ಯಕ ಮಾತುಗಳಿಂದ ಬಂದು ನಿಘಂಟಿನಲ್ಲಿ ಸಿಗದ ಪದಗಳಿಗೂ ಒಂದು ಹಾಳೆ ಅರ್ಥ ಬರೆದಿಡಿ.

ಹಂತ 6: ಸ್ಕ್ಯಾನ್ ಮತ್ತು ಹಳೆಯ ಕಂಪ್ಯೂಟರ್

ಸ್ಕ್ಯಾನ್ ಮಾಡಿದರೆ ಮೂಲ ಬೇಡ ಎಂದುಕೊಳ್ಳಬೇಡಿ. ಸ್ಕ್ಯಾನು ಓದಲಿಕ್ಕೆ, ಮೂಲ ಉಳಿಯಲಿಕ್ಕೆ. ಬರಹಕ್ಕೆ 300 ಡಿಪಿಐ ಸಾಕು, ಮಸುಕಾದ ಪೆನ್ಸಿಲ್ಲಿಗೆ 400, ಫೋಟೊಕ್ಕೆ 600. ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಯಂತ್ರ ಎಷ್ಟು ಚುಕ್ಕಿ ಹಿಡಿಯುತ್ತದೆ ಎಂಬ ಲೆಕ್ಕ. ಕಪ್ಪು ಬಿಳುಪು ಬರಹವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಯಾವ ತಿದ್ದುಪಡಿ ಯಾವ ಸುತ್ತಿನದು ಎಂದು ಹೇಳುವುದು ಶಾಯಿಯ ಬಣ್ಣ. ಕಾಯ್ದಿಡಲು ಟಿಫ್ (TIFF) ಎಂಬ ಬಗೆಯ ಕಡತ, ಹಂಚಲು ಪಿಡಿಎಫ್. ಕಡತದ ಹೆಸರು ಪಟ್ಟಿಯ ಸಂಖ್ಯೆಯೇ ಆಗಿರಲಿ: ಪೆಟ್ಟಿಗೆ, ಕಟ್ಟು, ಹಾಳೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಎಲ್ಲದರ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ.

1990ರ ದಶಕದ ನಂತರ ಬರೆದವರಾದರೆ ಫ್ಲಾಪಿ, ಸೀಡಿ, ಹಳೆಯ ಹಾರ್ಡ್ ಡಿಸ್ಕ್ ಸಿಗುತ್ತವೆ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಅಳಿಸಿದವರಿದ್ದಾರೆ. ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಮೂಲ ಕಡತವನ್ನು ಮುಟ್ಟದೆ ಹಾಗೇ ಇಡಿ, ಆ ಫಾಂಟನ್ನೂ ಅದರ ಜೊತೆಗಿಡಿ. ಫಾಂಟ್ ಹಾಕಿ ತೆರೆದು ಒಂದು ಪಿಡಿಎಫ್ ಮಾಡಿ. ಆಮೇಲೆ ಯೂನಿಕೋಡಿಗೆ, ಅಂದರೆ ಹೊಸ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಗೆ, ಬದಲಿಸಿದ ಪ್ರತಿ ಒಂದು. ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳು ಕಲಸಿಹೋಗುತ್ತವೆ. ಪಿಡಿಎಫ್ ಪಕ್ಕಕ್ಕಿಟ್ಟುಕೊಂಡು ತಾಳೆ ನೋಡಬೇಕು.

ಇಮೇಲ್ ಮರೆಯಬೇಡಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, 2023ರಿಂದ ಇದೇ ನಿಯಮ. ಲೇಖಕರು ಇನ್ನೂ ಇದ್ದಾರೆ ಎಂದರೆ ಅವರ ಕೈಯಿಂದಲೇ ಪತ್ರಗಳ ಪ್ರತಿ ಇಳಿಸಿಕೊಳ್ಳುವುದು ಒಳ್ಳೆಯದು. ಕ್ಯಾಸೆಟ್‌ಗಳನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ಪ್ರಯೋಗಕ್ಕೆ ಹಾಕಬೇಡಿ, ಬೂಷ್ಟು ಹಿಡಿದ ಟೇಪು ತುಂಡಾಗುತ್ತದೆ.

ಹಂತ 7: ಯಾರ ಸ್ವತ್ತು?

ಇಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ, ಹೆಚ್ಚಿನವರು ಒಂದೇ ಎಂದುಕೊಳ್ಳುತ್ತಾರೆ.

ಒಂದು ಕಾಗದದ ಒಡೆತನ. ಉಯಿಲು ಇಲ್ಲದೆ ತೀರಿಕೊಂಡ ಹಿಂದೂ ಗಂಡಸಿನ ಸ್ವತ್ತಿನಲ್ಲಿ 1956ರ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಲೇಖಕಿಯಾದರೆ, ಬೇರೆ ಧರ್ಮದವರಾದರೆ ನಿಯಮ ಬೇರೆ, ವಕೀಲರನ್ನು ಕೇಳಿ. ಊರಿನ ಮನೆಯಲ್ಲಿರುವ ಅಣ್ಣ ಒಬ್ಬನೇ ಸಹಿ ಹಾಕಿ ಕೊಟ್ಟರೆ ಸಾಲದು. ಪುಣೆಯ ತಂಗಿ ನಾಲ್ಕು ವರ್ಷದ ಮೇಲೆ ತಕರಾರು ಎತ್ತಿದರೆ ಇಡೀ ಸಂಗ್ರಹಕ್ಕೆ ಬೀಗ ಬೀಳುತ್ತದೆ.

ಇನ್ನೊಂದು ಕೃತಿಸ್ವಾಮ್ಯ, ಅಂದರೆ ಅದರಲ್ಲಿರುವ ಬರಹವನ್ನು ಅಚ್ಚು ಹಾಕುವ, ಅನುವಾದಿಸುವ, ಸಿನಿಮಾ ಮಾಡುವ ಹಕ್ಕು. 1957ರ ಕಾಯ್ದೆಯಂತೆ ಲೇಖಕರ ಜೀವಿತಾವಧಿ ಮತ್ತು ಸಾವಿನ ಮರುವರ್ಷದಿಂದ 60 ವರ್ಷ. 2014ರಲ್ಲಿ ತೀರಿಕೊಂಡವರ ಕೃತಿಗಳಿಗೆ 2074ರ ಕೊನೆಯವರೆಗೆ. ಸತ್ತ ಮೇಲೆ ಮೊದಲ ಸಲ ಪ್ರಕಟವಾಗುವ ಕೃತಿಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಕಾಗದ ಕೊಟ್ಟ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ, ಅದಕ್ಕೆ ಬರವಣಿಗೆಯಲ್ಲಿ ಸಹಿ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತ ಎಂದು ಕಾನೂನು ಭಾವಿಸುತ್ತದೆ. ಕಾಗದ ಕೊಡಿ, ಕೃತಿಸ್ವಾಮ್ಯ ಇಟ್ಟುಕೊಳ್ಳಿ, ಓದಲು ಮತ್ತು ಸಂಶೋಧನೆಯಲ್ಲಿ ಉಲ್ಲೇಖಿಸಲು ಅನುಮತಿ ಕೊಡಿ: ಇದು ನನ್ನ ಸಲಹೆ. ಉಯಿಲಿನಲ್ಲಿ ಹಸ್ತಪ್ರತಿಯನ್ನು ಯಾರಿಗಾದರೂ ಬಿಟ್ಟಿದ್ದರೆ ಮಾತ್ರ ಎಚ್ಚರ. ಬೇರೆ ಮಾತು ಇಲ್ಲದಿದ್ದರೆ ಅಪ್ರಕಟಿತ ಹಸ್ತಪ್ರತಿಯ ಜೊತೆ ಅದರ ಕೃತಿಸ್ವಾಮ್ಯವೂ ಹೋಗುತ್ತದೆ.

ನಿಮ್ಮವರಿಗೆ ಬೇರೆಯವರು ಬರೆದ ಪತ್ರಗಳ ಕಾಗದ ನಿಮ್ಮದು, ಬರಹದ ಹಕ್ಕು ಬರೆದವರದು. ಅವನ್ನು ಪತ್ರಾಗಾರಕ್ಕೆ ಕೊಡಬಹುದು, ಪುಸ್ತಕ ಮಾಡಲು ಆಗದು. ನಿಮ್ಮವರು ಬರೆದ ಪತ್ರಗಳು ಇನ್ಯಾರದೋ ಮನೆಯಲ್ಲಿವೆ. ಪ್ರತಿ ಕೇಳಿ ತರಿಸಿಕೊಳ್ಳಿ.

ಹಂತ 8: ಯಾವ ಸಂಸ್ಥೆ?

ನಮ್ಮ ಜಿಲ್ಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಹಾಗಾಗಿ ಮೊದಲ ಪತ್ರ ಸಹಜವಾಗಿ ಅಲ್ಲಿಗೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆಯೂ ಅಲ್ಲೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹಸ್ತಪ್ರತಿ ವಿಭಾಗ ಇದೆ, ಮೈಸೂರಿನಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ಪತ್ರಾಗಾರ ಶುರು ಮಾಡಿವೆ. ಆದರೆ ಹಸ್ತಪ್ರತಿ ವಿಭಾಗ ಎಂಬ ಫಲಕ ಕಂಡ ಕೂಡಲೇ ನಿರಾಳರಾಗಬೇಡಿ. ತಾಳೆಗರಿ, ಕೋರಿಕಾಗದ ನೋಡಿಕೊಳ್ಳುವ ಅನುಭವ ಒಂದು, ಬಾಲ್‌ಪೆನ್ನಿನ ಕರಡು, ಕ್ಯಾಸೆಟ್, ಹಾರ್ಡ್ ಡಿಸ್ಕ್ ಇರುವ ಆಧುನಿಕ ಸಂಗ್ರಹ ನೋಡಿಕೊಳ್ಳುವುದು ಇನ್ನೊಂದು.

ಹೋಲಿಸಿ ನೋಡಲು: ಮೈಸೂರಿನ ಎ.ಕೆ. ರಾಮಾನುಜನ್ ಅವರ ಕಾಗದಪತ್ರ ಷಿಕಾಗೊ ವಿಶ್ವವಿದ್ಯಾಲಯದಲ್ಲಿದೆ, ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರದು ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ "ಶೋಧಸೂಚಿ", ಅಂದರೆ ಯಾವ ಪೆಟ್ಟಿಗೆಯ ಯಾವ ಫೋಲ್ಡರಿನಲ್ಲಿ ಏನಿದೆ ಎಂಬ ಕೈಪಿಡಿ, ಅಂತರ್ಜಾಲದಲ್ಲೇ ಓದಲು ಸಿಗುತ್ತದೆ. ಒಮ್ಮೆ ತೆರೆದು ನೋಡಿ, ನಿಮ್ಮ ಪಟ್ಟಿ ಮುಂದೆ ಏನಾಗಬೇಕು ಎಂದು ತಿಳಿಯುತ್ತದೆ. ಹಾಗೆಂದು ವಿದೇಶಕ್ಕೆ ಕಳಿಸುವ ಹುಮ್ಮಸ್ಸು ಬಂದರೆ ಕಾನೂನು ನೆನಪಿರಲಿ: ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯವಿರುವ, 75 ವರ್ಷಕ್ಕಿಂತ ಹಳೆಯ ಹಸ್ತಪ್ರತಿ 1972ರ ಕಾಯ್ದೆಯಂತೆ ಪುರಾವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಒಪ್ಪುವ ಮುಂಚೆ ಸ್ವತಃ ಹೋಗಿ. ಈಗಾಗಲೇ ಅವರ ಹತ್ತಿರ ಇರುವ ಯಾವುದಾದರೂ ಒಬ್ಬ ಲೇಖಕರ ಸಂಗ್ರಹದಿಂದ ಒಂದು ಪತ್ರ ತೋರಿಸಿ ಎಂದು ಕೇಳಿ. ಅರ್ಧ ತಾಸಿನಲ್ಲಿ ತಂದರೆ ಅಲ್ಲಿ ವ್ಯವಸ್ಥೆ ಇದೆ. "ಬೀಗದ ಕೈ ಇದ್ದವರು ರಜೆ ಮೇಲಿದ್ದಾರೆ" ಎಂದರೆ ಚಹಾ ಕುಡಿದು ಬನ್ನಿ. ಕಾಯಂ ಸಿಬ್ಬಂದಿ ಎಷ್ಟು, ಮಳೆಗಾಲದಲ್ಲಿ ತೇವ ನಿಯಂತ್ರಣ ಇದೆಯೇ, ಹೊರಗಿನ ಓದುಗರಿಗೆ ಕೂರಲು ಜಾಗ ಇದೆಯೇ, ಇಷ್ಟು ತಿಳಿದುಕೊಳ್ಳಿ. ಉದ್ಘಾಟನೆಗೆ ಯಾರನ್ನು ಕರೆಯೋಣ ಎಂಬ ಮಾತು ಮೊದಲೇ ಬಂದರೆ ನನಗೆ ಅನುಮಾನ.

ಸನ್ಮಾನದ ಶಾಲು, ಫಲಕ, ಕನ್ನಡಕ, ಮೇಜು ಇವನ್ನು ಸಾಮಾನ್ಯವಾಗಿ ಪತ್ರಾಗಾರಗಳು ತೆಗೆದುಕೊಳ್ಳುವುದಿಲ್ಲ. ಫಲಕಗಳ ಫೋಟೊ ತೆಗೆದು ಅದರಲ್ಲಿನ ತಾರೀಖು ಬರೆದುಕೊಂಡು, ವಸ್ತುಗಳನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಹಣದ ನಿರೀಕ್ಷೆ ಬೇಡ.

ಹಂತ 9: ದಾನಪತ್ರ

ಚರಸ್ವತ್ತನ್ನು ಕೈಗೆ ಕೊಟ್ಟರೆ ದಾನ ಪೂರ್ತಿಯಾಗುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ಷರತ್ತುಗಳನ್ನು ಬರೆದ ಒಪ್ಪಂದ ಇರಲೇಬೇಕು. ಸಂಸ್ಥೆಯ ಪರವಾಗಿ ಕುಲಸಚಿವರು ಸಹಿ ಮಾಡಲಿ. ವಿಭಾಗದ ಮುಖ್ಯಸ್ಥರ ಪ್ರೀತಿಯ ಭರವಸೆ ಅವರ ನಿವೃತ್ತಿಯ ಜೊತೆಗೇ ನಿವೃತ್ತವಾಗುತ್ತದೆ.

ಅದರಲ್ಲಿ ಇರಬೇಕಾದದ್ದು: ನಿಮ್ಮ ಪಟ್ಟಿ ಅನುಬಂಧವಾಗಿ, ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ. ಇದು ದಾನವೋ, ವಾಪಸು ಕೇಳಬಹುದಾದ ಠೇವಣಿಯೋ ಎಂಬ ಸ್ಪಷ್ಟ ಮಾತು. ಇಷ್ಟು ಅವಧಿಯೊಳಗೆ ಶೋಧಸೂಚಿ ಸಿದ್ಧ ಮಾಡುವ ಒಪ್ಪಿಗೆ. ಸಂಗ್ರಹವನ್ನು ಒಡೆಯದೆ ಒಂದೇ ಹೆಸರಿನಲ್ಲಿ ಇಡುವುದು. ಅವರಿಗೆ ಬೇಡವಾದದ್ದನ್ನು ರದ್ದಿಗೆ ಹಾಕುವ ಮುಂಚೆ ಕುಟುಂಬಕ್ಕೆ ತಿಳಿಸಿ ವಾಪಸು ಕೊಡುವುದು. ಸ್ಕ್ಯಾನ್ ಮಾಡಿದ್ದರ ಒಂದು ಪ್ರತಿ ನಿಮಗೆ.

ಬದುಕಿರುವವರ ಖಾಸಗಿ ವಿಷಯ, ಕಾಯಿಲೆ, ಮನೆಜಗಳ ಇರುವ ದಿನಚರಿ, ಪತ್ರಗಳಿಗೆ "ಮುಚ್ಚಿದ ಅವಧಿ" ಕೇಳಬಹುದು, ಅಷ್ಟು ವರ್ಷ ಯಾರಿಗೂ ತೋರಿಸುವುದಿಲ್ಲ. 20 ವರ್ಷ, 25 ವರ್ಷ ಎಂದು ನಿರ್ದಿಷ್ಟ ತಾರೀಖು ಹಾಕಿ. "ಕುಟುಂಬದ ಒಪ್ಪಿಗೆ ಇರುವವರೆಗೆ" ಎಂದು ಬರೆದರೆ ಮೊಮ್ಮಕ್ಕಳ ಕಾಲಕ್ಕೆ ಒಪ್ಪಿಗೆ ಕೊಡುವವರು ಯಾರೆಂದೇ ತಿಳಿಯುವುದಿಲ್ಲ. ಮುಜುಗರ ಎಂದು ಹಾಳೆ ಹರಿಯುವುದಕ್ಕಿಂತ ಮುಚ್ಚಿಡುವುದು ಎಷ್ಟೋ ಮೇಲು.

ಹಂತ 10: ಸಾಗಿಸುವುದು, ಆಮೇಲೆ

ಪೆಟ್ಟಿಗೆ ಒಬ್ಬರು ಎತ್ತುವಷ್ಟೇ ಭಾರ ಇರಲಿ, 12ರಿಂದ 15 ಕೆ.ಜಿ. ಹೊರಗೆ ಸಂಖ್ಯೆ ಬರೆಯಿರಿ, ಒಳಗೂ ಒಂದು ಚೀಟಿ ಇಡಿ. ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ, ಡಿಸೆಂಬರಿನಿಂದ ಏಪ್ರಿಲ್ ಒಳಗೆ ಹತ್ತಿಸಿ, ತಾಡಪಾಲು ಕಟ್ಟಿದ್ದರೂ. ಅಡಿಕೆ ಮೂಟೆಯ ಜೊತೆ ಪಾರ್ಸೆಲ್ ಹಾಕಬೇಡಿ. ಮನೆಯವರೊಬ್ಬರು ಜೊತೆಗೆ ಹೋಗಿ ಪೆಟ್ಟಿಗೆ ಎಣಿಸಿ ಒಪ್ಪಿಸಿ, ಸಂಖ್ಯೆವಾರು ರಸೀದಿ ತನ್ನಿ.

ಕೆಲವು ವಾರದಲ್ಲಿ "ಅಕ್ಸೆಷನ್ ನಂಬರ್" ಕೇಳಿ ಪಡೆಯಿರಿ. ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ನಿಮ್ಮ ಸಂಗ್ರಹ ಹತ್ತಿದ ಕ್ರಮಸಂಖ್ಯೆ ಅದು. ಆ ಸಂಖ್ಯೆ ಇಲ್ಲದಿದ್ದರೆ ಸಂಗ್ರಹ ಅಲ್ಲಿ ಇದ್ದೂ ಇಲ್ಲದ ಹಾಗೆ. ಕುಟುಂಬದ ಪರವಾಗಿ ಪತ್ರವ್ಯವಹಾರ ಮಾಡುವವರು ಒಬ್ಬರೇ ಇರಲಿ, ಅವರ ವಿಳಾಸ, ಫೋನ್ ಬದಲಾದರೆ ಸಂಸ್ಥೆಗೆ ತಿಳಿಸಲಿ. ಶೋಧಸೂಚಿಯ ಕರಡು ಬಂದಾಗ ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಊರಿನ ಹೆಸರು, ಅಡ್ಡಹೆಸರು, ಮನೆತನದ ಹೆಸರುಗಳಲ್ಲಿ ತಪ್ಪು ಬರುವುದು ಅಲ್ಲೇ, ತಿದ್ದಬಲ್ಲವರು ನೀವೇ. ಹಂಚು ಬದಲಿಸುವಾಗಲೋ ಮುಂಬೈಯ ಫ್ಲ್ಯಾಟು ಖಾಲಿ ಮಾಡುವಾಗಲೋ ಮತ್ತೊಂದು ಕಟ್ಟು ಸಿಕ್ಕರೆ ಹೊಸದಾಗಿ ಶುರು ಮಾಡಬೇಕಿಲ್ಲ. ಫೋಟೊ ತೆಗೆದು, ಪಟ್ಟಿಯ ಕೊನೆಗೆ ಮುಂದಿನ ಸಂಖ್ಯೆ ಹಾಕಿ, ಅದೇ ಅಕ್ಸೆಷನ್ ನಂಬರಿಗೆ ಸೇರ್ಪಡೆ ಎಂದು ಬರೆದು ಕಳಿಸಿ.